ಮನೆ ಕಂಪ್ಯೂಟರಿನ ಬೀಗದಕೈ ನಿಮ್ಮ ಸೊಂಟದಲ್ಲಿರಲಿ

ಮಿಕ್ಸಿ ನಿಂತುಹೋದರೆ ನೀವೇನು ಮಾಡುತ್ತೀರಿ? ಮೊದಲು ಪ್ಲಗ್ ನೋಡುತ್ತೀರಿ. ಆಮೇಲೆ ಜಾರು ಸರಿಯಾಗಿ ಕೂತಿದೆಯಾ ಅಂತ ತಿರುಗಿಸಿ ನೋಡುತ್ತೀರಿ. ಅದೂ ಸರಿಯಿದ್ದರೆ ಮಿಕ್ಸಿ ಎತ್ತಿ ಅಡಿಯಲ್ಲಿರುವ ಕೆಂಪು ಗುಂಡಿ ಒತ್ತುತ್ತೀರಿ. ಜಾಸ್ತಿ ರುಬ್ಬಿ ಬಿಸಿಯಾಗಿದ್ದರೆ ಹತ್ತು ನಿಮಿಷ ಆರಲು ಬಿಡುತ್ತೀರಿ. ಇಷ್ಟಾದ ಮೇಲೂ ಓಡದಿದ್ದರೆ ಮಾತ್ರ ರಿಪೇರಿ ಅಂಗಡಿ. ಇದನ್ನೆಲ್ಲ ನಿಮಗೆ ಯಾವ ಇಂಜಿನಿಯರಿಂಗ್ ಕಾಲೇಜೂ ಕಲಿಸಿಲ್ಲ, ಅಲ್ಲವೇ?

ಅದೇ ಕಂಪ್ಯೂಟರ್ ನಿಂತುಹೋದರೆ ಮಾತ್ರ ನಮ್ಮ ಬಾಯಲ್ಲಿ ಬರುವುದು ಒಂದೇ ಮಾತು: “ಅಯ್ಯೋ, ನಂಗೆ ಅದೆಲ್ಲ ಗೊತ್ತಾಗಲ್ಲಪ್ಪ, ಮಗ ಬರಲಿ.” ಮಗ ಬರುವುದು ರಾತ್ರಿ ಒಂಬತ್ತಕ್ಕೆ. ಕೆಲವರ ಮನೆಯಲ್ಲಿ ಅವನು ಬರುವುದು ವರ್ಷಕ್ಕೊಮ್ಮೆ, ಅದೂ ಅಮೆರಿಕದಿಂದ. ಅಲ್ಲಿಯವರೆಗೆ ಕಂಪ್ಯೂಟರಿನ ಮೇಲೆ ಕಸೂತಿಯ ಹೊದಿಕೆ.

ನಮ್ಮ ಸಿ.ವಿ. ರಾಮನ್ ನಗರದ ಮಟ್ಟಿಗಂತೂ ಇದು ತಮಾಷೆಯೇ ಸರಿ. ಬಡಾವಣೆಗೆ ಇರುವುದು ನೊಬೆಲ್ ಪಡೆದ ವಿಜ್ಞಾನಿಯ ಹೆಸರು. ಒಂದು ಕಡೆ ಡಿಆರ್‌ಡಿಒ ಕಾಂಪೌಂಡು. ಅದರೊಳಗೆ ರೇಡಾರ್ ರೂಪಿಸುವವರಿದ್ದಾರೆ, ವಿಮಾನದ ಎಂಜಿನ್ ಮೇಲೆ ಕೆಲಸ ಮಾಡುವವರಿದ್ದಾರೆ. ಕೃತಕ ಬುದ್ಧಿಮತ್ತೆ ಮತ್ತು ರೋಬಾಟಿಕ್ಸ್‌ಗೆಂದೇ 1986ರಲ್ಲಿ ಶುರುವಾದ ಕೇಂದ್ರವೂ ಇದೆ. ಇನ್ನೊಂದು ಕಡೆ ಬಾಗ್ಮನೆ ಟೆಕ್ ಪಾರ್ಕ್. ಹೊರದೇಶದ ಕಂಪನಿಗಳ ಕಂಪ್ಯೂಟರ್ ಕೆಟ್ಟರೆ ಇಲ್ಲಿ ಕೂತು ಸರಿಮಾಡುತ್ತಾರೆ. ಆದರೆ ಅದೇ ಬೀದಿಯ ಮನೆಗಳಲ್ಲಿ, ಕಗ್ಗದಾಸಪುರದಲ್ಲಿ, ಮಲ್ಲೇಶಪಾಳ್ಯದಲ್ಲಿ, ಹಗಲು ಹೊತ್ತು ಕಂಪ್ಯೂಟರಿನ ಜೊತೆ ಒಬ್ಬರೇ ಇರುವ ಗೃಹಿಣಿಗೆ ಅದರ ಪಾಸ್‌ವರ್ಡ್ ಕೂಡ ಗೊತ್ತಿರುವುದಿಲ್ಲ!

ಇವತ್ತಿನ ನಮ್ಮ ಮಾತು ಇದರ ಬಗ್ಗೆಯೇ. ಕಂಪ್ಯೂಟರ್ ರಿಪೇರಿ ಕಲಿತು ನೀವು ಅಂಗಡಿ ಇಡಬೇಕಾಗಿಲ್ಲ. ಆದರೆ ಮನೆಯ ಬೀರುವಿನ ಕೀಲಿ, ಗ್ಯಾಸ್ ಬುಕ್ಕು, ಬ್ಯಾಂಕ್ ಪಾಸ್‌ಬುಕ್ಕು ಹೇಗೆ ನಿಮ್ಮ ಉಸ್ತುವಾರಿಯಲ್ಲಿವೆಯೋ, ಕಂಪ್ಯೂಟರೂ ಹಾಗೇ ಇರಬೇಕು. ಯಾಕೆಂದರೆ ಅದರೊಳಗೆ ಈಗ ಬರೀ ಆಟ, ಹಾಡು ಇಲ್ಲ. ಮದುವೆಯ ಫೋಟೋಗಳಿವೆ. ತೀರಿಹೋದ ಅತ್ತೆಯವರ ದನಿ ಇರುವ ವಿಡಿಯೋ ಇದೆ. ಮನೆಪತ್ರದ ಸ್ಕ್ಯಾನು, ಮಕ್ಕಳ ಮಾರ್ಕ್ಸ್‌ಕಾರ್ಡು, ಆದಾಯ ತೆರಿಗೆಯ ಕಾಗದ ಎಲ್ಲ ಅಲ್ಲೇ ಇವೆ.

ಮೊದಲು ಈ ಮೂರು ಪ್ರಶ್ನೆ

ಕಂಪ್ಯೂಟರ್ ಕೆಡುವವರೆಗೆ ಕಾಯಬೇಡಿ. ಚೆನ್ನಾಗಿರುವಾಗಲೇ ಮನೆಯವರನ್ನು ಕೂರಿಸಿಕೊಂಡು ಮೂರು ಪ್ರಶ್ನೆ ಕೇಳಿ.

ಒಂದು, ಇದರ ಅಡ್ಮಿನ್ ಪಾಸ್‌ವರ್ಡ್ ಏನು, ಖಾತೆ ಯಾರ ಹೆಸರಲ್ಲಿದೆ? ಇದು ಸಣ್ಣ ವಿಷಯವಲ್ಲ. ಈಚಿನ ಎಷ್ಟೋ ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದ ಕೂಡಲೇ ಒಳಗಿನ ಡಿಸ್ಕ್ ತಾನಾಗಿಯೇ ಬೀಗ ಹಾಕಿಕೊಳ್ಳುತ್ತದೆ. ಬಿಟ್‌ಲಾಕರ್ ಎಂದು ಇದರ ಹೆಸರು. ಕಳ್ಳರ ಕೈಗೆ ಸಿಕ್ಕರೂ ಫೈಲುಗಳು ತೆರೆಯಬಾರದು ಎಂಬುದು ಇದರ ಉದ್ದೇಶ, ಒಳ್ಳೆಯದೇ. ಆದರೆ ಮದರ್‌ಬೋರ್ಡ್ ಬದಲಿಸಿದಾಗ, ಕೆಲವೊಮ್ಮೆ ದೊಡ್ಡ ಅಪ್‌ಡೇಟ್ ಆದಾಗ, ಅದು 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಆ ಕೀ ಇರುವುದು ಖಾತೆಯಲ್ಲಿ. ಖಾತೆ ಇರುವುದು ಮಗನ ಹಳೇ ಕಾಲೇಜಿನ ಇಮೇಲಿನಲ್ಲೋ, ಈಗ ಇಲ್ಲದ ಯಜಮಾನರ ಹೆಸರಿನಲ್ಲೋ ಆದರೆ? ಕೀ ಇಲ್ಲದೆ ಆ ಡಿಸ್ಕನ್ನು ರಿಪೇರಿಯವರೂ ತೆರೆಯಲಾರರು, ಕಂಪನಿಯವರೂ ತೆರೆಯಲಾರರು. ಫೋಟೋ, ಕಾಗದ ಎಲ್ಲ ಹೋದ ಹಾಗೇ. ಹಾಗಾಗಿ ಆ ಖಾತೆಗೆ ಲಾಗಿನ್ ಆಗಿ, 48 ಅಂಕಿಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು ಬೀರುವಿನಲ್ಲಿಡಿ. ಕಂಪ್ಯೂಟರಿನೊಳಗೇ ಬರೆದಿಟ್ಟರೆ ಪ್ರಯೋಜನವಿಲ್ಲ. ಬೀರುವಿನ ಕೀಲಿಯನ್ನು ಬೀರುವಿನೊಳಗೇ ಇಟ್ಟು ಬಾಗಿಲು ಹಾಕಿದ ಹಾಗೆ ಅದು.

ಎರಡು, ಫೋಟೋಗಳ ಇನ್ನೊಂದು ಪ್ರತಿ ಎಲ್ಲಿದೆ? ಹಾರ್ಡ್‌ಡಿಸ್ಕ್ ಒಳಗೆ ಸದಾ ತಿರುಗುವ ತಟ್ಟೆಗಳಿವೆ. ತಿರುಗುವ ವಸ್ತು ಒಂದಲ್ಲ ಒಂದು ದಿನ ನಿಲ್ಲುತ್ತದೆ. ತಟ್ಟೆಯಿಲ್ಲದ ಎಸ್‌ಎಸ್‌ಡಿ ಕೂಡ ಹೇಳದೆ ಕೇಳದೆ ಕೈಕೊಡಬಹುದು. ಒಂದು ಪ್ರತಿ ಕಂಪ್ಯೂಟರಿನಲ್ಲಿ, ಒಂದು ಪ್ರತಿ ಹೊರಗಿನ ಹಾರ್ಡ್‌ಡಿಸ್ಕಿನಲ್ಲಿ, ಸಾಧ್ಯವಾದರೆ ಮತ್ತೊಂದು ಪ್ರತಿ ತಂಗಿಯ ಮನೆಯಲ್ಲೋ ಗೂಗಲ್ ಡ್ರೈವ್‌ನಂಥ ಕಡೆಯಲ್ಲೋ ಇರಲಿ. ಹೊರಗಿನ ಡಿಸ್ಕನ್ನು ಪ್ರತಿ ಮಾಡಿದ ಮೇಲೆ ಕಳಚಿಡಿ. ಸದಾ ಚುಚ್ಚಿಟ್ಟರೆ ವೈರಸ್ ಬಂದಾಗ ಎರಡೂ ಒಟ್ಟಿಗೆ ಹಾಳಾಗುತ್ತವೆ.

ಮೂರು, ಇದರ ಆಪರೇಟಿಂಗ್ ಸಿಸ್ಟಮ್ ಯಾವುದು, ಅದರ ಅವಧಿ ಎಂದಿಗೆ ಮುಗಿಯುತ್ತದೆ? ಔಷಧಿ ಡಬ್ಬಿಯ ಮೇಲೆ ನೋಡುವ ಹಾಗೆ ಇಲ್ಲೂ ದಿನಾಂಕ ನೋಡಬೇಕು. ಇದಕ್ಕೆ ಆಮೇಲೆ ಬರೋಣ.

ಕೆಟ್ಟಿತು ಅನ್ನುವ ಮೊದಲು

ಕಂಪ್ಯೂಟರ್ ಕೆಟ್ಟಾಗ ಹೊರಗಿನಿಂದ ಒಳಕ್ಕೆ ನೋಡುತ್ತಾ ಬನ್ನಿ. ಹೆಚ್ಚಿನ ತೊಂದರೆಗಳು ಹೊರಗಿನವೇ.

ಆನ್ ಆಗುತ್ತಲೇ ಇಲ್ಲವೇ? ಗೋಡೆಯ ಸ್ವಿಚ್ಚು, ಎಕ್ಸ್‌ಟೆನ್ಷನ್ ಬೋರ್ಡು, ಯುಪಿಎಸ್, ಕೊನೆಗೆ ಸಿಪಿಯು ಡಬ್ಬದ ಹಿಂಭಾಗದ ಪುಟ್ಟ ಸ್ವಿಚ್ಚು, ಈ ಕ್ರಮದಲ್ಲಿ ನೋಡಿ. ಅದೇ ಪಾಯಿಂಟಿಗೆ ಟೇಬಲ್ ಲ್ಯಾಂಪ್ ಹಾಕಿದರೆ ಕರೆಂಟು ಬರುತ್ತಿದೆಯೋ ಇಲ್ಲವೋ ತಿಳಿಯುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಕರೆಂಟು ಹೋಗಿ ಬರುವಾಗ ಯಂತ್ರಗಳು ಸುಡುವುದು ಜಾಸ್ತಿ. ಮಿಂಚು ಶುರುವಾದರೆ ಪ್ಲಗ್ ಕಿತ್ತುಬಿಡಿ. ಇಂಟರ್ನೆಟ್ಟಿನ ತಂತಿಯನ್ನೂ ಕಳಚಿ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ತೆಗೆದು, ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿದು, ಮತ್ತೆ ಚಾರ್ಜರ್ ಹಾಕಿ ನೋಡಿ. ಎಷ್ಟೋ ಸಲ ಇಷ್ಟಕ್ಕೇ ಕಣ್ಣು ಬಿಡುತ್ತದೆ.

ಫ್ಯಾನ್ ತಿರುಗುತ್ತಿದೆ, ಪರದೆ ಮಾತ್ರ ಕಪ್ಪಗಿದೆಯೇ? ಮಾನಿಟರಿನ ದೀಪ ಹತ್ತಿದೆಯಾ, ತಂತಿ ಸಡಿಲವಾಗಿದೆಯಾ ನೋಡಿ. ಆನ್ ಮಾಡಿದಾಗ ಬೀಪ್ ಬೀಪ್ ಎಂದು ಒಂದೇ ಸಮ ಕೂಗಿದರೆ ಹೆಚ್ಚಾಗಿ ಒಳಗಿನ ರ‍್ಯಾಮ್ ಅಲುಗಾಡಿರುತ್ತದೆ. ಅದನ್ನು ಕಿತ್ತು ಒರೆಸಿ ಕೂರಿಸುವುದು ರಿಪೇರಿಯವರಿಗೆ ಐದು ನಿಮಿಷದ ಕೆಲಸ. “ಮದರ್‌ಬೋರ್ಡ್ ಹೋಗಿದೆ ಮೇಡಂ” ಎಂದು ಬಾಗಿಲಲ್ಲೇ ಯಾರಾದರೂ ಹೇಳಿದರೆ, “ಮೊದಲು ರ‍್ಯಾಮ್ ತೆಗೆದು ಹಾಕಿ ನೋಡಿ” ಅನ್ನಿ. ಆಮೇಲೆ ಅವರ ಮಾತಿನ ಧಾಟಿಯೇ ಬೇರೆಯಾಗುತ್ತದೆ!

ಗಡಿಯಾರ ಹಿಂದಕ್ಕೆ ಹೋಗುತ್ತಿದೆಯೇ? ಪ್ರತಿ ಸಲ ಆನ್ ಮಾಡಿದಾಗಲೂ ಯಾವುದೋ ಹಳೇ ವರ್ಷ ತೋರಿಸಿ, ಬ್ಯಾಂಕಿನ ವೆಬ್‌ಸೈಟುಗಳು “ಸುರಕ್ಷಿತವಲ್ಲ” ಎಂದು ತೆರೆಯದಿದ್ದರೆ, ಒಳಗಿರುವ ನಾಣ್ಯದಾಕಾರದ ಪುಟ್ಟ ಸೆಲ್ ಮುಗಿದಿದೆ ಎಂದರ್ಥ. ಡೆಸ್ಕ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಸಿಆರ್ 2032 ಎಂಬ ಸೆಲ್ ಇರುತ್ತದೆ. ವಾಚ್ ಅಂಗಡಿಯಲ್ಲೂ ಸಿಗುತ್ತದೆ.

ಆಮೆಯ ಹಾಗೆ ನಡೆಯುತ್ತಿದೆಯೇ? ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅಲ್ಲಿ ಸ್ಟಾರ್ಟ್‌ಅಪ್ ಎಂಬ ಕಡೆ, ಕಂಪ್ಯೂಟರ್ ಶುರುವಾದ ಕೂಡಲೇ ತಾನೂ ಎದ್ದು ಕೂರುವ ಪ್ರೋಗ್ರಾಂಗಳ ಪಟ್ಟಿಯಿದೆ. ಕರೆಯದೆ ಬಂದ ನೆಂಟರಿವರು. ಗುರುತು ಹಿಡಿದು ಬೇಡವಾದವನ್ನು ಡಿಸೇಬಲ್ ಮಾಡಿ. ಆಂಟಿವೈರಸ್‌ನ ತಂಟೆಗೆ ಮಾತ್ರ ಹೋಗಬೇಡಿ. ಆಮೇಲೆ ಸಿ ಡ್ರೈವ್ ತುಂಬಿದೆಯಾ ನೋಡಿ. ಇಷ್ಟಾದರೂ ನಿಧಾನವೇ ಆದರೆ ಹೊಸ ಕಂಪ್ಯೂಟರ್ ಅಂತ ಹೊರಡುವ ಮೊದಲು, ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿ, ರ‍್ಯಾಮ್ 4 ಜಿಬಿ ಇದ್ದರೆ 8 ಮಾಡಿಸಿ. ಹಳೇ ಯಂತ್ರಕ್ಕೆ ಇದಕ್ಕಿಂತ ಒಳ್ಳೆಯ ಕಷಾಯ ಬೇರೆ ಇಲ್ಲ.

ಬಿಸಿಯಾಗಿ ತಾನೇ ಆಫ್ ಆಗುತ್ತಿದೆಯೇ? ನಮ್ಮ ರಸ್ತೆಗಳನ್ನು ಅಗೆಯುವುದು ನಿಂತದ್ದುಂಟೇ? ಆ ಧೂಳೆಲ್ಲ ಫ್ಯಾನಿನಲ್ಲಿ ಕೂತಿರುತ್ತದೆ. ಪ್ಲಗ್ ಕಿತ್ತು, ಮೆತ್ತನೆಯ ಬ್ರಷ್ಷಿನಿಂದ ಗಾಳಿಕಿಂಡಿಗಳನ್ನು ಒರೆಸಿ. ಲ್ಯಾಪ್‌ಟಾಪನ್ನು ಹಾಸಿಗೆ, ದಿಂಬಿನ ಮೇಲಿಟ್ಟು ಸಿನಿಮಾ ನೋಡುವ ಅಭ್ಯಾಸವಿದ್ದರೆ ಇಂದೇ ಬಿಡಿ. ಅದು ಉಸಿರಾಡುವುದು ಅಡಿಯಿಂದ.

ಒಳಗಿನಿಂದ ಟಕ್ ಟಕ್ ಸದ್ದು ಬರುತ್ತಿದೆಯೇ? ಇದೊಂದಕ್ಕೆ ತಡಮಾಡಬೇಡಿ. ಹಾರ್ಡ್‌ಡಿಸ್ಕ್ ಸಾಯುವ ಮುನ್ನ ಕೊಡುವ ಸೂಚನೆ ಅದು. ಬೇರೆಲ್ಲ ಕೆಲಸ ನಿಲ್ಲಿಸಿ, ಮುಖ್ಯವಾದ ಫೈಲುಗಳನ್ನು ಮೊದಲು ಹೊರಗೆ ತೆಗೆಯಿರಿ.

ಇಂಟರ್ನೆಟ್ ಬರುತ್ತಿಲ್ಲವೇ? ಅದೇ ವೈಫೈಯಲ್ಲಿ ನಿಮ್ಮ ಮೊಬೈಲಿನ ಡೇಟಾ ಆಫ್ ಮಾಡಿ ನೋಡಿ. ಮೊಬೈಲಿಗೆ ಬಂದರೆ ತೊಂದರೆ ಕಂಪ್ಯೂಟರಿನದು. ಮೊಬೈಲಿಗೂ ಇಲ್ಲದಿದ್ದರೆ ತೊಂದರೆ ಹೊರಗಿನದು. ಫೈಬರ್ ಸಂಪರ್ಕದ ಡಬ್ಬದಲ್ಲಿ ‘ಎಲ್‌ಒಎಸ್’ ಎಂಬ ದೀಪ ಕೆಂಪಗೆ ಮಿನುಗುತ್ತಿದ್ದರೆ ದಾರಿಯಲ್ಲೆಲ್ಲೋ ಕೇಬಲ್ ತುಂಡಾಗಿದೆ. ಆಗ ನೀವು ಕಂಪ್ಯೂಟರನ್ನು ಹತ್ತು ಸಲ ಆಫ್ ಮಾಡಿ ಆನ್ ಮಾಡಿದರೂ ಉಪಯೋಗವಿಲ್ಲ. ಕಂಪನಿಗೆ ಫೋನ್ ಮಾಡಿ, “ಕೆಂಪು ದೀಪ ಬರ್ತಿದೆ” ಅಂದರೆ ಅವರಿಗೆ ಅರ್ಥವಾಗುತ್ತದೆ.

ನೀಲಿ ಪರದೆ ಬಂತೇ? ಗಾಬರಿಯಾಗಬೇಡಿ. ನೀವೇನೋ ತಪ್ಪು ಗುಂಡಿ ಒತ್ತಿ ಆದದ್ದಲ್ಲ ಅದು. 2024ರ ಜುಲೈ 19ರಂದು ಒಂದು ಭದ್ರತಾ ಕಂಪನಿಯ ದೋಷಪೂರಿತ ಅಪ್‌ಡೇಟ್‌ನಿಂದ ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ಒಟ್ಟಿಗೆ ಹೀಗೇ ನೀಲಿಯಾದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲೂ ಬೋರ್ಡಿಂಗ್ ಪಾಸನ್ನು ಪೆನ್ನಿನಿಂದ ಬರೆದುಕೊಟ್ಟರು. ದೊಡ್ಡ ದೊಡ್ಡ ಇಂಜಿನಿಯರುಗಳಿರುವ ಕಡೆಯೇ ಹಾಗಾದ ಮೇಲೆ ನಮ್ಮದೇನು ಬಿಡಿ. ಪರದೆಯ ಮೇಲಿರುವ ‘ಸ್ಟಾಪ್ ಕೋಡ್’ ಸಾಲನ್ನು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ರಿಪೇರಿಯವರಿಗೆ ತೋರಿಸಿದರೆ ಅರ್ಧ ಕೆಲಸ ಮುಗಿದಂತೆ.

“ವೈರಸ್ ಬಂದಿದೆ, ಈ ನಂಬರಿಗೆ ಫೋನ್ ಮಾಡಿ”

ಕೆಟ್ಟ ಕಂಪ್ಯೂಟರಿಗಿಂತ ಹೆಚ್ಚು ದುಡ್ಡು ತಿನ್ನುವುದು ಕೆಟ್ಟ ಜನ. ಅಡುಗೆ ರೆಸಿಪಿ ಹುಡುಕುತ್ತಿರುವಾಗ ಇದ್ದಕ್ಕಿದ್ದಂತೆ ಪರದೆ ತುಂಬಾ ಕೆಂಪು ಎಚ್ಚರಿಕೆ, ಕರ್ಕಶ ಸದ್ದು. “ನಿಮ್ಮ ಕಂಪ್ಯೂಟರ್ ಲಾಕ್ ಆಗಿದೆ, ಕೂಡಲೇ ಈ ಸಂಖ್ಯೆಗೆ ಕರೆಮಾಡಿ” ಎಂಬ ಸಂದೇಶ. ಗಟ್ಟಿಯಾಗಿ ನೆನಪಿಡಿ: ಮೈಕ್ರೋಸಾಫ್ಟ್ ಆಗಲಿ ಬೇರೆ ಕಂಪನಿಯಾಗಲಿ ಪರದೆಯ ಮೇಲೆ ಫೋನ್ ನಂಬರು ಹಾಕಿ ಹೀಗೆ ಕರೆಯುವುದಿಲ್ಲ. ಅದು ಒಂದು ಜಾಹೀರಾತು ಪುಟ, ಅಷ್ಟೇ. ಆಲ್ಟ್ ಮತ್ತು ಎಫ್4 ಒತ್ತಿ ಮುಚ್ಚಿ. ಮುಚ್ಚದಿದ್ದರೆ ಟಾಸ್ಕ್ ಮ್ಯಾನೇಜರಿನಿಂದ ಬ್ರೌಸರನ್ನು ನಿಲ್ಲಿಸಿ. ಅದೂ ಆಗದಿದ್ದರೆ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ.

ಅಪ್ಪಿತಪ್ಪಿ ಫೋನ್ ಮಾಡಿದ್ದೀರಿ ಎಂದುಕೊಳ್ಳಿ. ಅವರು ತುಂಬ ಮರ್ಯಾದೆಯಿಂದ, ನಿಮ್ಮ ಕಂಪ್ಯೂಟರನ್ನು ದೂರದಿಂದ ನಡೆಸುವ ಒಂದು ಸಾಫ್ಟ್‌ವೇರ್ ಹಾಕಿಕೊಳ್ಳಲು ಹೇಳುತ್ತಾರೆ. ಅಲ್ಲಿಗೇ ಫೋನ್ ಇಡಿ. ಗುರುತಿಲ್ಲದವರ ಕೈಗೆ ಮನೆ ಕೀಲಿ ಕೊಟ್ಟು ನೀವು ಹೊರಗೆ ನಿಲ್ಲುತ್ತೀರಾ? ದುಡ್ಡು ಹೋಗಿಬಿಟ್ಟಿದ್ದರೆ, ಯಜಮಾನರು ಬೈಯುತ್ತಾರೆ ಎಂದು ಮುಚ್ಚಿಡಬೇಡಿ. ತಕ್ಷಣ 1930ಕ್ಕೆ ಕರೆಮಾಡಿ, ಇದು ಸೈಬರ್ ವಂಚನೆಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ. ಬ್ಯಾಂಕಿಗೂ ತಿಳಿಸಿ. ಬೇಗ ಹೇಳಿದಷ್ಟೂ ಹಣವನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಹೆಚ್ಚು.

ಆಪರೇಟಿಂಗ್ ಸಿಸ್ಟಮ್ ಅಂದರೆ ಯಾರು?

ಯಾರು ಅಂತಲೇ ಕೇಳುತ್ತಿದ್ದೇವೆ, ಯಾಕೆಂದರೆ ಅದು ಕಂಪ್ಯೂಟರಿನ ಗೃಹಿಣಿ. ಯಾವ ಒಲೆ ಯಾರಿಗೆ, ಯಾರಿಗೆಷ್ಟು ಜಾಗ, ಬಾಗಿಲಿಗೆ ಬಂದವರನ್ನು ಒಳಗೆ ಬಿಡಬೇಕೋ ಬೇಡವೋ, ಎಲ್ಲ ನೋಡಿಕೊಳ್ಳುವುದು ಅದೇ. ಕೆಲಸ ಸರಿಯಾಗಿ ನಡೆಯುವವರೆಗೆ ಯಾರಿಗೂ ಅದರ ನೆನಪೇ ಬರುವುದಿಲ್ಲ. ನಮ್ಮ ಹಾಗೇ!

ನಮ್ಮಲ್ಲಿ ಹೆಚ್ಚಿನ ಮನೆಗಳಿಗೆ ಗೊತ್ತಿರುವುದು ವಿಂಡೋಸ್. 2001ರಲ್ಲಿ ಬಂದ ಎಕ್ಸ್‌ಪಿಯ ಹಸಿರು ಗುಡ್ಡ, ನೀಲಿ ಆಕಾಶದ ಚಿತ್ರ ನಿಮಗೆ ನೆನಪಿರಬಹುದು. ಅದಕ್ಕೆ ಕಂಪನಿಯ ಬೆಂಬಲ 2014ರ ಏಪ್ರಿಲ್ 8ಕ್ಕೆ ಮುಗಿಯಿತು. ವಿಂಡೋಸ್ 7ರದ್ದು 2020ರ ಜನವರಿ 14ಕ್ಕೆ. 2015ರಲ್ಲಿ ಬಂದ ವಿಂಡೋಸ್ 10ರದ್ದು 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ಬೆಂಬಲ ಮುಗಿಯಿತು ಎಂದರೆ ಕಂಪ್ಯೂಟರ್ ಮಾರನೆ ದಿನ ನಿಂತುಹೋಗುವುದಿಲ್ಲ. ಮೊದಲಿನಂತೆಯೇ ಓಡುತ್ತದೆ. ಮೋಸ ಇರುವುದೇ ಅಲ್ಲಿ. ಕಳ್ಳರು ಹೊಸ ಹೊಸ ಕಿಂಡಿ ಹುಡುಕುತ್ತಲೇ ಇರುತ್ತಾರೆ, ಮುಚ್ಚುವವರು ಮಾತ್ರ ಬರುವುದಿಲ್ಲ. ವೈಯಕ್ತಿಕ ಬಳಕೆದಾರರು ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಕೊಡುವುದಾಗಿ ಮೈಕ್ರೋಸಾಫ್ಟ್ 2025ರಲ್ಲಿ ಪ್ರಕಟಿಸಿತು. ಅದು ಯೋಚಿಸಲು ಸಿಕ್ಕ ಸಮಯವೇ ಹೊರತು ಪರಿಹಾರವಲ್ಲ. ಅಪ್‌ಡೇಟ್ ನಿಂತ ಯಂತ್ರದಲ್ಲಿ ಬ್ಯಾಂಕ್ ವ್ಯವಹಾರ ಬೇಡವೇ ಬೇಡ.

ಹಾಗಾದರೆ ಕಂಪ್ಯೂಟರ್ ಬಿಸಾಕಬೇಕೇ? ಅಂಗಡಿಯವರು ಹೌದು ಅನ್ನುತ್ತಾರೆ. ನಾವು ಇಲ್ಲ ಅನ್ನುತ್ತೇವೆ. ಅವಧಿ ಮುಗಿದಿರುವುದು ಯಂತ್ರದ್ದಲ್ಲ, ಅದರೊಳಗಿನ ಸಾಫ್ಟ್‌ವೇರಿನದು. ಹಿಟ್ಟು ಹಳತಾಯಿತು ಅಂತ ಡಬ್ಬಿ ಎಸೆಯುತ್ತೇವೆಯೇ?

ನಿಮ್ಮ ಮನೆಗೆ ಯಾವುದು?

ಮೊದಲು ನಿಮ್ಮ ಯಂತ್ರಕ್ಕೆ ವಿಂಡೋಸ್ 11 ಹಿಡಿಸುತ್ತದೆಯಾ ನೋಡಿ. ಮೈಕ್ರೋಸಾಫ್ಟ್‌ನ ‘ಪಿಸಿ ಹೆಲ್ತ್ ಚೆಕ್’ ಎಂಬ ಉಚಿತ ಪ್ರೋಗ್ರಾಂ ಹಾಕಿದರೆ ಅದೇ ಹೇಳುತ್ತದೆ. ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಟಿಪಿಎಂ 2.0 ಎಂಬ ಭದ್ರತಾ ಭಾಗ, ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ಪೀಳಿಗೆಯ ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಬೇಕು. ಕೆಲವು ಯಂತ್ರಗಳಲ್ಲಿ ಟಿಪಿಎಂ ಇದ್ದರೂ ಬಯಾಸ್ ಸೆಟ್ಟಿಂಗಿನಲ್ಲಿ ಆಫ್ ಆಗಿರುತ್ತದೆ. “ಆಗಲ್ಲ” ಎಂಬ ಉತ್ತರ ಬಂದ ಕೂಡಲೇ ಕೈಚೆಲ್ಲದೆ ಅದೊಂದನ್ನು ನೋಡಲು ಹೇಳಿ. ಯಂತ್ರ ಪಾಸಾದರೆ, ಅಸಲಿ ವಿಂಡೋಸ್ 10 ಇರುವವರಿಗೆ 11ಕ್ಕೆ ಹೋಗಲು ಖರ್ಚಿಲ್ಲ.

ಪಾಸಾಗದಿದ್ದರೆ? ಆಗ ಕೇಳಬೇಕಾದದ್ದು, ನಿಮ್ಮ ಮನೆಯಲ್ಲಿ ಈ ಕಂಪ್ಯೂಟರ್ ಮಾಡುವ ಕೆಲಸ ಏನು?

ಇಂಟರ್ನೆಟ್ ನೋಡುವುದು, ಮಕ್ಕಳ ಹೋಂವರ್ಕ್, ವಿಡಿಯೋ ಕಾಲ್, ಪತ್ರ ಟೈಪ್ ಮಾಡುವುದು, ಫೋಟೋ, ಹಾಡು ಇಷ್ಟೇ ಆದರೆ ಲಿನಕ್ಸ್ ಸಾಕು. ಹೆಸರು ಕೇಳಿ ಹೆದರಬೇಡಿ. ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ 1991ರಲ್ಲಿ ಶುರುಮಾಡಿ, ಜಗತ್ತಿನ ಸಾವಿರಾರು ಜನ ಕೈಜೋಡಿಸಿ ಬೆಳೆಸಿದ ವ್ಯವಸ್ಥೆ ಇದು. ನಿಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಮೊಬೈಲಿನ ಒಳತಿರುಳೂ ಲಿನಕ್ಸೇ. ಅಂದರೆ ನೀವದನ್ನು ಆಗಲೇ ಬಳಸುತ್ತಿದ್ದೀರಿ! ಇದರಲ್ಲಿ ಹಲವು ಬಗೆಗಳಿವೆ. ವಿಂಡೋಸ್ ಅಭ್ಯಾಸವಿದ್ದವರಿಗೆ ‘ಲಿನಕ್ಸ್ ಮಿಂಟ್’ ಸುಲಭ. ಅದೇ ಕೆಳಗಿನ ಪಟ್ಟಿ, ಅದೇ ಮೂಲೆಯ ಮೆನು. 4 ಜಿಬಿ ರ‍್ಯಾಮ್ ಇರುವ ಹಳೇ ಯಂತ್ರದಲ್ಲೂ ನಡೆಯುತ್ತದೆ, ದುಡ್ಡು ಕೊಡಬೇಕಾಗಿಲ್ಲ. ಬರೀ ಬ್ರೌಸರ್ ಸಾಕೆನ್ನುವವರು ಗೂಗಲ್‌ನ ‘ಕ್ರೋಮ್ ಒಎಸ್ ಫ್ಲೆಕ್ಸ್’ ಅನ್ನೂ ನೋಡಬಹುದು.

ಇದರ ದೊಡ್ಡ ಅನುಕೂಲ ಎಂದರೆ ರುಚಿ ನೋಡಿ ಆಮೇಲೆ ಬಡಿಸಬಹುದು. 8 ಜಿಬಿಯ ಪೆನ್‌ಡ್ರೈವಿನಲ್ಲಿ ಲಿನಕ್ಸ್ ಮಿಂಟ್ ಹಾಕಿಕೊಂಡು, ಕಂಪ್ಯೂಟರನ್ನು ಅದರಿಂದಲೇ ಶುರುಮಾಡಬಹುದು. ನೀವು ‘ಇನ್‌ಸ್ಟಾಲ್’ ಎಂದು ಒತ್ತುವವರೆಗೆ ಒಳಗಿನ ವಿಂಡೋಸ್ ಹಾಗೇ ಇರುತ್ತದೆ. ಎರಡು ದಿನ ಓಡಿಸಿ. ವೈಫೈ ಹಿಡಿಯುತ್ತದೆಯಾ, ಸದ್ದು ಬರುತ್ತದೆಯಾ, ಪ್ರಿಂಟರ್ ಮುದ್ರಿಸುತ್ತದೆಯಾ ನೋಡಿ. ಮನಸ್ಸಿಗೆ ಬಂದರೆ ಇಟ್ಟುಕೊಳ್ಳಿ. ಇನ್‌ಸ್ಟಾಲ್ ಮಾಡುವಾಗ ಡಿಸ್ಕ್ ಅಳಿಸುವ ಆಯ್ಕೆಯೂ ಇರುತ್ತದೆ, ಆದ್ದರಿಂದ ಫೋಟೋಗಳ ಪ್ರತಿ ತೆಗೆಯದೆ ಯಾರಿಗೂ ಕೈಹಾಕಲು ಬಿಡಬೇಡಿ.

ಎಲ್ಲರಿಗೂ ಲಿನಕ್ಸೇ ಎಂದು ನಾವು ಹೇಳುವುದಿಲ್ಲ. ಮನೆಯಲ್ಲೇ ಲೆಕ್ಕಪತ್ರ ಬರೆಯಲು ಟ್ಯಾಲಿ ಬೇಕು, ಬೊಟೀಕಿನ ಕಸೂತಿ ಯಂತ್ರದ ಸಾಫ್ಟ್‌ವೇರ್ ವಿಂಡೋಸಿನಲ್ಲಿ ಮಾತ್ರ ಓಡುತ್ತದೆ, ಮಗಳ ಆನ್‌ಲೈನ್ ಪರೀಕ್ಷೆಗೆ ವಿಂಡೋಸೇ ಆಗಬೇಕು ಎಂದಿದ್ದರೆ ಸುಮ್ಮನೆ ಹಟ ಹಿಡಿಯದೆ ವಿಂಡೋಸ್ 11 ಇರುವ ಯಂತ್ರ ಕೊಳ್ಳಿ. ಹಳೆಯದಕ್ಕೆ ಲಿನಕ್ಸ್ ಹಾಕಿ ಮಕ್ಕಳಿಗೋ ಮಾವನವರಿಗೋ ಕೊಡಿ. ಆಪಲ್ ಯಂತ್ರವಿದ್ದರೆ ಅದಕ್ಕೂ ಇದೇ ಪ್ರಶ್ನೆ: ಅಪ್‌ಡೇಟ್ ಬರುತ್ತಿದೆಯಾ ಇಲ್ಲವಾ?

ಹೊಸದು ಕೊಳ್ಳುವಾಗ ಒಂದು ಕಿವಿಮಾತು. “ಡಾಸ್ ಲ್ಯಾಪ್‌ಟಾಪ್” ಎಂದು ಕಡಿಮೆ ಬೆಲೆಗೆ ಸಿಕ್ಕರೆ, ಅದರಲ್ಲಿ ವಿಂಡೋಸ್ ಇಲ್ಲ ಎಂದರ್ಥ. “ನಾವೇ ಹಾಕಿಕೊಡ್ತೀವಿ ಮೇಡಂ, ಫ್ರೀ” ಎಂದರೆ ಅದು ಕ್ರ್ಯಾಕ್ ಮಾಡಿದ ನಕಲು ಇರಬಹುದು. ಬಿಲ್ಲಿನಲ್ಲಿ ಲೈಸೆನ್ಸ್ ಬರೆದುಕೊಡಿ ಅನ್ನಿ. ನಕಲು ವಿಂಡೋಸನ್ನು ಅಸಲಿಯಂತೆ ತೋರಿಸುವ ಪ್ರೋಗ್ರಾಂಗಳ ಜೊತೆಗೇ ವೈರಸ್ಸೂ ನುಸುಳಿ ಬರುವುದುಂಟು. ಸಾವಿರಗಳನ್ನು ಉಳಿಸಲು ಹೋಗಿ ಬ್ಯಾಂಕ್ ಖಾತೆಯನ್ನೇ ತೆರೆದಿಡುವುದು ಯಾವ ಜಾಣತನ? ಅದರ ಬದಲು ಲಿನಕ್ಸ್ ಹಾಕಿ. ಕಾನೂನಿಗೂ ಸರಿ, ಮನಸ್ಸಿಗೂ ನೆಮ್ಮದಿ.

ಕನ್ನಡದ ಫೈಲುಗಳು ಜೋಪಾನ

ಹಳೇ ಕಂಪ್ಯೂಟರಿನಿಂದ ಹೊಸದಕ್ಕೆ ಹೋಗುವಾಗ ಕನ್ನಡದಲ್ಲಿ ಟೈಪ್ ಮಾಡುವವರಿಗೆ ಇನ್ನೊಂದು ಎಚ್ಚರಿಕೆ ಬೇಕು. ನುಡಿ, ಬರಹದ ಹಳೇ ಆವೃತ್ತಿಗಳಲ್ಲಿ ಬರೆದ ಲೇಖನ, ಹಾಡಿನ ಪುಸ್ತಕ, ಅಡುಗೆ ಟಿಪ್ಪಣಿ ನಿಮ್ಮಲ್ಲಿರಬಹುದು. ಅವು ಆಯಾ ಫಾಂಟಿಗೆ ಅಂಟಿಕೊಂಡ ಬರಹಗಳು. ಆ ಫಾಂಟ್ ಇಲ್ಲದ ಕಡೆ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. “ಫೈಲ್ ಹಾಳಾಗಿದೆ” ಎಂದು ಅಳಿಸಿಬಿಡಬೇಡಿ! ಹಾಳಾಗಿಲ್ಲ. ಯೂನಿಕೋಡಿಗೆ ಪರಿವರ್ತಿಸುವ ಉಚಿತ ಸಾಧನಗಳಿವೆ. ಹಳೇ ಯಂತ್ರ ಇನ್ನೂ ಓಡುತ್ತಿರುವಾಗಲೇ ಪರಿವರ್ತಿಸಿ, ಒಂದು ಪಿಡಿಎಫ್ ಪ್ರತಿಯನ್ನೂ ಮಾಡಿಟ್ಟುಕೊಳ್ಳಿ.

ಲಿನಕ್ಸಿನಲ್ಲಿ ಕನ್ನಡ ಬರುತ್ತದೆಯೇ ಎಂಬ ಅನುಮಾನವೂ ಬೇಡ. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿ ನುಡಿಯಲ್ಲಿ ಬಳಕೆಗೆ ಬಂದ ಕೀಲಿಮಣೆ ಲಿನಕ್ಸಿನಲ್ಲಿ ‘ಕಗಪ’ ಎಂಬ ಹೆಸರಿನಲ್ಲೇ ಇದೆ. ಕನ್ನಡ ಗಣಕ ಪರಿಷತ್ತಿನ ಸಂಕ್ಷಿಪ್ತ ಹೆಸರು ಅದು. ಸೆಟ್ಟಿಂಗಿನಲ್ಲಿ ಆರಿಸಿಕೊಂಡರಾಯಿತು, ನಿಮ್ಮ ಬೆರಳುಗಳ ಅಭ್ಯಾಸ ಬದಲಿಸಬೇಕಾಗಿಲ್ಲ.

ಹೆಂಗಸರಿಗೆ ಕಷ್ಟ ಅಂದವರು ಯಾರು?

“ಇದೆಲ್ಲ ನಮ್ಮಂಥವರಿಗೆ ಆಗುತ್ತಾ?” ಎನ್ನುವವರು ಕಾಸರಗೋಡಿನ ಕಡೆ ನೋಡಿ. ಕೇರಳ ಸರ್ಕಾರ 2001ರ ಹೊತ್ತಿಗೆ ಶುರುಮಾಡಿದ ‘ಐಟಿ ಅಟ್ ಸ್ಕೂಲ್’ ಯೋಜನೆ ಮುಂದೆ ಶಾಲೆಗಳಿಗೆ ಲಿನಕ್ಸನ್ನೇ ಆರಿಸಿಕೊಂಡಿತು. 2017ರಲ್ಲಿ ಆ ಯೋಜನೆಯೇ ‘ಕೈಟ್’ ಎಂಬ ಸಂಸ್ಥೆಯಾಯಿತು. ಹಾಗಾಗಿ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕಂಪ್ಯೂಟರ್ ಪಾಠ ಕಲಿಯುವುದು ಲಿನಕ್ಸಿನಲ್ಲೇ. ಹಳ್ಳಿ ಶಾಲೆಯ ಹತ್ತು ವರ್ಷದ ಹುಡುಗಿಗೆ ಸುಲಭವಾದದ್ದು ನಮಗೆ ಕಷ್ಟವೇ? ಅದೇ ಕೈಟ್ ಸಂಸ್ಥೆ 2022ರಲ್ಲಿ ತಾಯಂದಿರಿಗೆಂದೇ ಸೈಬರ್ ಸುರಕ್ಷತೆಯ ತರಬೇತಿ ನಡೆಸಿತು. ಅಲ್ಲಿ ಪಾಠ ಹೇಳಿಕೊಡಲು ಶಾಲೆಯ ಮಕ್ಕಳೂ ನಿಂತರು. ಅಮ್ಮಂದಿರು ನಾಚಿಕೊಳ್ಳದೆ ಕಲಿತರು.

ಇನ್ನು ನಮ್ಮ ಬಡಾವಣೆಗೇ ಬನ್ನಿ. ದೇಶಕ್ಕೆ ತನ್ನದೇ ಆಪರೇಟಿಂಗ್ ಸಿಸ್ಟಮ್ ಬೇಕು, ಅದಕ್ಕಾಗಿ ಬೆಂಗಳೂರು ಮತ್ತು ದೆಹಲಿಯಲ್ಲಿ ಕೇಂದ್ರ ತೆರೆದಿದ್ದೇವೆ ಎಂದು ಡಿಆರ್‌ಡಿಒ ಮುಖ್ಯಸ್ಥರಾಗಿದ್ದ ವಿ.ಕೆ. ಸಾರಸ್ವತ್ 2010ರಲ್ಲಿ ಹೇಳಿದ್ದರು. 2023ರ ಆಗಸ್ಟಿನಲ್ಲಿ, ರಕ್ಷಣಾ ಸಚಿವಾಲಯದ ಕಂಪ್ಯೂಟರುಗಳಲ್ಲಿ ವಿಂಡೋಸ್ ಬದಲು ‘ಮಾಯಾ’ ಎಂಬ ವ್ಯವಸ್ಥೆ ಬರಲಿದೆ ಎಂದು ಸುದ್ದಿಯಾಯಿತು. ಮಾಯಾ ನಿಂತಿರುವುದು ಉಬುಂಟು ಎಂಬ ಲಿನಕ್ಸಿನ ಮೇಲೆ. ಲಿನಕ್ಸ್ ಮಿಂಟ್ ಕೂಡ ಬೆಳೆದಿರುವುದು ಅದೇ ಬುಡದಿಂದ. ದೇಶ ಕಾಯುವವರು ಕೇಳಿಕೊಂಡ ಪ್ರಶ್ನೆ ಒಂದೇ: ನಮ್ಮ ಯಂತ್ರದ ಕೀಲಿ ಯಾರ ಕೈಯಲ್ಲಿದೆ? ಮನೆ ಕಾಯುವ ನಾವೂ ಅದನ್ನೇ ಕೇಳಬೇಕು.

ಕಂಪ್ಯೂಟರ್ ವಿಷಯದಲ್ಲಿ ನಮ್ಮನ್ನು ಯಾರೂ ಬೇಕೆಂದೇ ಹೊರಗಿಟ್ಟಿಲ್ಲ ನಿಜ. “ನಿನಗ್ಯಾಕೆ ತಲೆನೋವು, ನಾನು ನೋಡ್ಕೋತೀನಿ” ಎಂಬ ಪ್ರೀತಿಯ ಮಾತೇ ಹೆಚ್ಚು. ಆದರೆ ನೋಡಿಕೊಳ್ಳುವವರು ಊರಲ್ಲಿಲ್ಲದ ದಿನ, ಕಾಯಿಲೆ ಬಿದ್ದ ದಿನ, ಇಲ್ಲವಾದ ದಿನ ಆ ಪ್ರೀತಿ ಪಾಸ್‌ವರ್ಡ್ ಹೇಳುವುದಿಲ್ಲ. ಗಂಡ ತೀರಿಹೋದ ಮೇಲೆ ವಿಮೆಯ ಕಾಗದ ಕಂಪ್ಯೂಟರಿನೊಳಗಿದ್ದೂ ತೆಗೆಯಲಾಗದೆ ಕೂರುವ ಕಷ್ಟ ಯಾರಿಗೂ ಬೇಡ.

ಈ ಭಾನುವಾರ ಕಾಫಿ ಕುಡಿದ ಮೇಲೆ ಒಂದು ಗಂಟೆ ಬಿಡುವು ಮಾಡಿಕೊಳ್ಳಿ. ಹೊಸ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಇಷ್ಟು ಬರೆಯಿರಿ: ಅಡ್ಮಿನ್ ಪಾಸ್‌ವರ್ಡ್, ಖಾತೆಯ ಇಮೇಲ್, ರಿಕವರಿ ಕೀ, ಕೊನೆಯ ಸಲ ಫೋಟೋ ಪ್ರತಿ ತೆಗೆದ ತಾರೀಖು, ಆಪರೇಟಿಂಗ್ ಸಿಸ್ಟಮಿನ ಹೆಸರು, ಅದರ ಬೆಂಬಲ ಮುಗಿಯುವ ದಿನ. ಬರೆಯುವಾಗ ಪೆನ್ನು ನಿಮ್ಮ ಕೈಯಲ್ಲೇ ಇರಲಿ, ಮಗ ಪಕ್ಕದಲ್ಲಿ ಕೂತು ಹೇಳಲಿ. ಬರೆದಾದ ಮೇಲೆ ಆ ಪಾಸ್‌ವರ್ಡ್ ಹಾಕಿ ನೀವೇ ಒಂದು ಸಲ ಕಂಪ್ಯೂಟರ್ ಆನ್ ಮಾಡಿ ನೋಡಿ. ಏನಂತೀರಿ?